ಮಧುಗಿರಿ ಸೀಮೆಯಲ್ಲಿ ಜನ ಏನು ಓದುತ್ತಾರೆ, ಏಕೆ ಓದುತ್ತಾರೆ?



ನಮ್ಮ ಕರಾವಳಿಯ ಒಂದು ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ಒಂದು ಪ್ರಸ್ತಾಪ ಬಂದಿತು. ಸಭಾಂಗಣದ ಪಕ್ಕದಲ್ಲಿರುವ ಗ್ರಂಥಾಲಯದ ಕೋಣೆಯನ್ನು ತೆರವುಗೊಳಿಸಿ ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಇಡಬಹುದೇ ಎಂಬುದು ಪ್ರಶ್ನೆ. ಆ ಸಭೆಯಲ್ಲಿ ನಾವೂ ಇದ್ದೆವು. ವಿರೋಧಿಸಿದವರು ಇಬ್ಬರೇ: ಒಬ್ಬರು ನಿವೃತ್ತ ಶಿಕ್ಷಕಿ, ಇನ್ನೊಬ್ಬರು ಒಂದು ವಾಳೆಯ ಗುರಿಕಾರರು. ಉಳಿದವರ ವಾದ ಸರಳವಾಗಿತ್ತು. "ಫಾದರ್, ಈಗ ಯಾರು ಓದುತ್ತಾರೆ? ಎಲ್ಲರ ಕೈಯಲ್ಲೂ ಮೊಬೈಲ್ ಉಂಟಲ್ಲ?" ಕೋಣೆಯಲ್ಲಿ ಮೂರು ಕಪಾಟುಗಳಿವೆ. ಅದರಲ್ಲಿ ಒಂದರ ಬೀಗದ ಕೈ ಯಾರ ಬಳಿ ಇದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಿರ್ಣಯವನ್ನು ಮುಂದಿನ ಸಭೆಗೆ ಬಿಡಲಾಯಿತು.

ಇದಾದ ಕೆಲವೇ ದಿನಗಳಲ್ಲಿ ತುಮಕೂರು ಜಿಲ್ಲೆಯ ಉತ್ತರ ಭಾಗಕ್ಕೆ ಹೋಗುವ ಅವಕಾಶ ನಮಗೆ ಒದಗಿತು. ಅಲ್ಲಿ ಬಹುಕಾಲದಿಂದ ಸೇವೆಯಲ್ಲಿರುವ, ಮೂಲತಃ ನಮ್ಮ ಕಡೆಯವರೇ ಆದ ಧರ್ಮಭಗಿನಿಯೊಬ್ಬರು ಕರೆದಿದ್ದರು. ಕುರ್ಚಿಗಳ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದುದರಿಂದ, ಹೋದಲ್ಲೆಲ್ಲ ಒಂದೇ ಮಾತು ಕೇಳಿದೆವು: "ನೀವು ಏನು ಓದುತ್ತೀರಿ?" ಸಿಕ್ಕಿದ ಉತ್ತರಗಳು ನಾವು ಎಣಿಸಿದ್ದಕ್ಕಿಂತ ಬೇರೆಯಾಗಿದ್ದವು. ನಮ್ಮ ಗುರಿಕಾರರೂ ಕ್ರೈಸ್ತ ಶಿಕ್ಷಣದ ಶಿಕ್ಷಕರೂ ಅವನ್ನು ತಿಳಿಯಬೇಕೆಂಬ ಆಸೆಯಿಂದ ಈ ಲೇಖನ.

ಮೊದಲು ಆ ಪ್ರದೇಶದ ಪರಿಚಯ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ 'ಮಧುಗಿರಿ ಶೈಕ್ಷಣಿಕ ಜಿಲ್ಲೆ' ಎಂದು ಕರೆಯುತ್ತದೆ. ಕಂದಾಯದ ಲೆಕ್ಕದಲ್ಲಿ ಅವು ತುಮಕೂರು ಜಿಲ್ಲೆಗೇ ಸೇರಿವೆ. ನಮ್ಮ ಧರ್ಮಸಭೆಯ ಲೆಕ್ಕದಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಮತ್ತು ಕೋಟೆಯನ್ನು ಚಿತ್ರದಲ್ಲಾದರೂ ಕಾಣದವರು ಕಡಿಮೆ. ಶಿರಾ ಮೊಗಲರ ಕಾಲದ ಆಡಳಿತ ಕೇಂದ್ರ. ಕೊರಟಗೆರೆಗೆ ಸಿದ್ದರಬೆಟ್ಟವಿದೆ, ಜಯಮಂಗಲಿ ನದಿಯಿದೆ. ಪಾವಗಡ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲೇ ಸುರಿಯುವಷ್ಟು ಮಳೆ ಅಲ್ಲಿ ವರ್ಷವಿಡೀ ಬೀಳುವುದಿಲ್ಲ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಉಡುಪಿಯದು ಶೇ 86.24, ತುಮಕೂರು ಜಿಲ್ಲೆಯದು ಶೇ 75.14. ಈ ಅಂಕಿಗಳನ್ನು ನೋಡಿ, ಓದಿನ ವಿಷಯದಲ್ಲಿ ಅವರಿಗೆ ನಾವು ಹೇಳಿಕೊಡಬಹುದು ಎಂಬ ಭಾವನೆ ನಮ್ಮಲ್ಲಿ ಸ್ವಲ್ಪ ಇದ್ದದ್ದು ನಿಜ.

ದುರ್ಯೋಧನನ ಪಾರ್ಟು

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅರವತ್ತು ದಾಟಿದ ರೈತರೊಬ್ಬರನ್ನು ಕೇಳಿದಾಗ ಅವರು ಕೈ ಆಡಿಸಿ, "ನಮ್ಗೆಲ್ಲಿ ಓದೋಕೆ ಬರ್ತದೆ ಸ್ವಾಮಿ, ನಾವು ಹೆಬ್ಬೆಟ್ಟು" ಎಂದರು. ಪಕ್ಕದಲ್ಲಿದ್ದವರು ನಕ್ಕರು. "ಅಂಗನ್ಬೇಡ ಕಣಣ್ಣ, ಇಡೀ ದುರ್ಯೋಧನ ನಿನ್ನ ಬಾಯಾಗೈತೆ" ಎಂದರು. ಒತ್ತಾಯಿಸಿದ ಮೇಲೆ ಅವರು ಹೆಗಲ ಟವೆಲ್ಲನ್ನು ಕೆಳಗಿಟ್ಟು ಎದ್ದು ನಿಂತು, ಎರಡು ಹಾಡು, ಒಂದು ಉದ್ದನೆಯ ಮಾತು ಒಪ್ಪಿಸಿದರು. ಎಲ್ಲಿಯೂ ತಡವರಿಸಲಿಲ್ಲ. ಸಂಸ್ಕೃತದ ದೊಡ್ಡ ದೊಡ್ಡ ಸಮಾಸಗಳು, ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ನಮಗೇ ನಾಲಿಗೆ ತೊಡರುವಂಥವು.

ಕರಾವಳಿಯ ಓದುಗರಿಗಾಗಿ ಇದನ್ನು ಸ್ವಲ್ಪ ವಿವರಿಸಬೇಕು. ನಮಗೆ ಯಕ್ಷಗಾನ ಹೇಗೋ, ಹಳೆ ಮೈಸೂರಿನ ಹಳ್ಳಿಗಳಿಗೆ ಪೌರಾಣಿಕ ನಾಟಕ ಹಾಗೆ. ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾಯಿತು. ಕಂಪನಿ ನಾಟಕಗಳ ಕಾಲ ಹೆಚ್ಚುಕಡಿಮೆ ಮುಗಿದರೂ, ಅವುಗಳ ಹಾಡು ಮತ್ತು ಮಾತಿನ ಶೈಲಿ ಹಳ್ಳಿಗಳಲ್ಲಿ ಉಳಿಯಿತು. ಸುಗ್ಗಿ ಮುಗಿದು ಜಾತ್ರೆ ಹತ್ತಿರವಾದಾಗ ಊರಿನ ಹತ್ತಿಪ್ಪತ್ತು ಮಂದಿ ಸೇರಿ 'ಕುರುಕ್ಷೇತ್ರ' ಆಡಲು ತೀರ್ಮಾನಿಸುತ್ತಾರೆ. ಆಡುವವರು ವೃತ್ತಿ ನಟರಲ್ಲ. ರೈತರು, ಬಸ್ಸಿನ ಕಂಡಕ್ಟರು, ಕಿರಾಣಿ ಅಂಗಡಿಯವರು, ಒಬ್ಬಿಬ್ಬರು ಮೇಷ್ಟ್ರು. ಪಾರ್ಟು ಬೇಕಾದವರು ಅದಕ್ಕೆ ತಾವೇ ಹಣ ಕೊಡಬೇಕು. ದುರ್ಯೋಧನ, ಕೃಷ್ಣ, ಭೀಮರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ವೇಷಭೂಷಣ, ಹೊರಗಿನಿಂದ ಕರೆಸುವ ನಟಿಯರ ಖರ್ಚು ಎಲ್ಲ ನಡೆಯಬೇಕು.

ಈಗ ಓದಿನ ವಿಷಯಕ್ಕೆ ಬರೋಣ. ನಾಟಕದ ಪುಸ್ತಕ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆಯಿಂದ ತಂದ, ತೆಳು ಕಾಗದದ ಅಗ್ಗದ ಮುದ್ರಣ. ಅದು ಇರುವುದು ಒಂದೋ ಎರಡೋ ಪ್ರತಿ, ಮೇಷ್ಟ್ರ ಬಳಿ. ಅದರಿಂದ ಪ್ರತಿಯೊಬ್ಬರೂ ತಮ್ಮ ಪಾತ್ರದ ಹಾಡು ಮಾತುಗಳನ್ನು ಶಾಲೆಯ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಅಥವಾ ಮಕ್ಕಳ ಕೈಯಲ್ಲಿ ಬರೆಸಿಕೊಳ್ಳುತ್ತಾರೆ. ಎರಡು ಮೂರು ತಿಂಗಳು, ರಾತ್ರಿ ಊಟದ ನಂತರ, ದೇವಸ್ಥಾನದ ಅಂಗಳದಲ್ಲಿ ತಾಲೀಮು. ಹಗಲು ಹೊತ್ತಿನಲ್ಲಿ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಬಾಯಿಪಾಠ. ನಮ್ಮ ಹೆಬ್ಬೆಟ್ಟಿನ ದುರ್ಯೋಧನನಿಗೆ ಪಾರ್ಟು ಹೇಳಿಕೊಟ್ಟದ್ದು ಐದನೆಯ ತರಗತಿಯಲ್ಲಿದ್ದ ಮೊಮ್ಮಗಳು. ಅವಳಿಗೆ ಅಕ್ಷರ ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ತಾತನಿಗೆ ಕಥೆಯೂ ಅರ್ಥವೂ ರಾಗವೂ ಗೊತ್ತು, ಅಕ್ಷರ ಗೊತ್ತಿಲ್ಲ. ಅವಳು ಪದವನ್ನು ತಪ್ಪಾಗಿ ಒಡೆದು ಓದಿದರೆ ತಾತನಿಗೆ ಕೂಡಲೇ ತಿಳಿಯುತ್ತಿತ್ತು. "ಅದು ಅಂಗಲ್ಲ ಮಗ, ಕೂಡ್ಸಿ ಓದು" ಎನ್ನುತ್ತಿದ್ದರಂತೆ. ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಕನ್ನಡದಲ್ಲಿ ತರಗತಿಗೇ ಮುಂದು ಎಂದು ಅವಳ ತಾಯಿ ಹೇಳಿದರು. ಶಾಲೆಯ ಪಾಲೆಷ್ಟು, ದುರ್ಯೋಧನನ ಪಾಲೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ.

ಇದನ್ನು ಕೇಳುವಾಗ ನಮಗೆ ಗರಿಗಳ ಭಾನುವಾರದ ನೆನಪಾಯಿತು. ಅಂದು ಪ್ರಭುವಿನ ಯಾತನೆಯ ವೃತ್ತಾಂತವನ್ನು ಹಲವರು ಪಾಲು ಮಾಡಿಕೊಂಡು ಓದುತ್ತಾರೆ. ಒಬ್ಬರು ನಿರೂಪಕರು, ಒಬ್ಬರು ಪಿಲಾತ, ಜನಸಮೂಹದ ಮಾತನ್ನು ಭಕ್ತಾದಿಗಳೆಲ್ಲ ಹೇಳುತ್ತಾರೆ. ವರ್ಷದ ಅತಿ ಉದ್ದದ ವಾಚನಗಳಲ್ಲಿ ಅದೂ ಒಂದು. ಆದರೂ ಅಂದು ಯಾರೂ ತೂಕಡಿಸುವುದನ್ನು ನಾವು ಕಂಡಿಲ್ಲ.

ಶನಿವಾರದ ರಾತ್ರಿಯ ಕಥೆ

ಪಾವಗಡದ ಶನಿಮಹಾತ್ಮ ದೇವಾಲಯಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ಆ ಸೀಮೆಯಲ್ಲಿ ಶನಿಮಹಾತ್ಮೆಯ ಕಥೆ ಓದಿಸುವುದು, ವಿಶೇಷವಾಗಿ ಶ್ರಾವಣದ ಶನಿವಾರಗಳಂದು, ಬಹಳ ಜನಪ್ರಿಯ. ವಿಕ್ರಮರಾಜನಿಗೆ ಬಂದ ಕಷ್ಟಗಳು, ರಾಜ್ಯ ಕಳೆದುಕೊಂಡು, ಕೈಕಾಲು ಕಳೆದುಕೊಂಡು ಗಾಣದ ಮನೆಯಲ್ಲಿ ಬಿದ್ದದ್ದು, ಮತ್ತೆ ಎಲ್ಲವನ್ನೂ ಪಡೆದದ್ದು ಅದರ ವಸ್ತು. ಮನೆಯಲ್ಲೋ ಗುಡಿಯಲ್ಲೋ ದೀಪ ಹಚ್ಚಿಟ್ಟು ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಆಡುಮಾತಿನಲ್ಲಿ ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಚತುರರಾದರೆ ನಡುವೆ ಊರಿನ ಸುದ್ದಿಯೂ ಬರುತ್ತದೆ, ಸಾಲದ ಬಡ್ಡಿಯೂ ಬರುತ್ತದೆ, ಬತ್ತಿದ ಕೊಳವೆಬಾವಿಯೂ ಬರುತ್ತದೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಎಲ್ಲವನ್ನೂ ಕಳೆದುಕೊಂಡ ರಾಜನ ಕಥೆ ಕೇಳುವವರಿಗೆ ಅದು ದೂರದ ಕಥೆಯಾಗಿ ಉಳಿಯುವುದಿಲ್ಲ.

ಅನ್ಯಧರ್ಮೀಯರ ಆಚರಣೆಯ ಬಗ್ಗೆ ಇಲ್ಲಿ ಏಕೆ ಬರೆಯುತ್ತಿದ್ದೀರಿ ಎಂದು ಕೆಲವರು ಕೇಳಬಹುದು. ಓದುವ ಈ ರೀತಿ ನಮಗೆ ಪರಕೀಯವಲ್ಲ ಎಂಬುದೇ ಉತ್ತರ. ಇಂಗ್ಲಿಷ್ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ರಚಿಸಿದ 'ಕ್ರಿಸ್ತಪುರಾಣ' 1616ರಲ್ಲಿ ಗೋವೆಯ ರಾಚೋಲಿನಲ್ಲಿ ಮುದ್ರಣಗೊಂಡಿತು. ಸುಮಾರು ಹನ್ನೊಂದು ಸಾವಿರ ಓವಿಗಳ ಗ್ರಂಥ. ಗೋವೆಯಿಂದ ಬಂದ ನಮ್ಮ ಪೂರ್ವಜರು ಅದನ್ನು ಜೊತೆಗೆ ತಂದರು. ಇಲ್ಲಿ ಅದರ ಹಸ್ತಪ್ರತಿಗಳು ಕನ್ನಡ ಲಿಪಿಯಲ್ಲೂ ಹುಟ್ಟಿಕೊಂಡವು. ತಪಸ್ಸುಕಾಲದ ರಾತ್ರಿಗಳಲ್ಲಿ ಒಬ್ಬರು ಹಾಡಿ ಓದಿದರೆ ಮನೆಮಂದಿಯೆಲ್ಲ ಕೇಳುತ್ತಿದ್ದರು. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಮಂಗಳೂರಿನಲ್ಲಿ ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದಾಗ ಆಧಾರವಾದದ್ದು ಹೀಗೆ ಮನೆಗಳಲ್ಲಿ ಉಳಿದ ಪ್ರತಿಗಳೇ. ಪಾವಗಡದ ಜನ ಇಂದಿಗೂ ಮಾಡುತ್ತಿರುವುದನ್ನು ನಮ್ಮ ಮುತ್ತಜ್ಜಿಯರು ಮಾಡುತ್ತಿದ್ದರು. ನಿಲ್ಲಿಸಿದವರು ನಾವು.

ಮೌನವಾಗಿ, ಒಬ್ಬರೇ ಕುಳಿತು ಓದುವುದು ಈಗ ನಮಗೆ ಸಹಜವೆನಿಸಿದೆ. ಸಂತ ಆಗಸ್ಟೀನರಿಗೆ ಅದೊಂದು ವಿಚಿತ್ರವಾಗಿತ್ತು. ಮಿಲಾನಿನ ಬಿಷಪ್ ಸಂತ ಆಂಬ್ರೋಸರು ತುಟಿ ಅಲುಗಿಸದೆ, ದನಿ ಹೊರಡಿಸದೆ ಓದುತ್ತಿದ್ದುದನ್ನು ಅವರು ತಮ್ಮ 'ನಿವೇದನೆ'ಗಳ ಆರನೆಯ ಭಾಗದಲ್ಲಿ ಬೆರಗಿನಿಂದ ಬರೆಯುತ್ತಾರೆ. ಗಂಟಲು ಉಳಿಸಿಕೊಳ್ಳಲೋ, ಸುತ್ತಲಿದ್ದವರು ಪ್ರಶ್ನೆ ಕೇಳದಿರಲೆಂದೋ ಹಾಗೆ ಓದುತ್ತಿರಬಹುದು ಎಂದು ಊಹಿಸುತ್ತಾರೆ. (ಎರಡನೆಯ ಕಾರಣ ಧರ್ಮಗುರುಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ.) ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿದ್ದನಲ್ಲ, ಅವನು ಗಟ್ಟಿಯಾಗಿ ಓದದಿದ್ದರೆ ಫಿಲಿಪ್ಪನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಫಿಲಿಪ್ಪ ರಥ ಹತ್ತಿ ಅವನ ಪಕ್ಕದಲ್ಲಿ ಕುಳಿತ. ಒಬ್ಬ ಓದಿದ, ಇನ್ನೊಬ್ಬ ಅರ್ಥ ಹೇಳಿದ.

ಶಿರಾ ತಾಲ್ಲೂಕಿನಲ್ಲಿ ಪುಸ್ತಕವೂ ಇಲ್ಲದ ಒಂದು 'ಓದು' ಇದೆ. ಕಾಡುಗೊಲ್ಲರ ವೀರ ಜುಂಜಪ್ಪನ ನೆಲೆ ಆ ತಾಲ್ಲೂಕಿನ ಕಳುವರಹಳ್ಳಿ. 'ಗಣೆ' ಎಂಬ ಉದ್ದನೆಯ ಕೊಳಲನ್ನು ಊದುತ್ತ ಅವನ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ನಮ್ಮ ತುಳುನಾಡಿನ ಪಾಡ್ದನಗಳ ಹಾಗೆ ಇದೂ ಬಾಯಿಂದ ಬಾಯಿಗೆ ಬಂದದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದನ್ನು ಗ್ರಂಥರೂಪದಲ್ಲಿ ತಂದಿದೆ. ಅದೇ ತಾಲ್ಲೂಕಿನ ಬರಗೂರಿನಿಂದ ಬಂದ ಬರಗೂರು ರಾಮಚಂದ್ರಪ್ಪನವರು ಬಂಡಾಯ ಸಾಹಿತ್ಯದ ದೊಡ್ಡ ಹೆಸರು. ಊರಿನವರು ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಅವರ ಪುಸ್ತಕ ಓದಿದ್ದೀರಾ ಎಂದರೆ ನಾಚಿಕೊಳ್ಳುವವರೂ ಇದ್ದಾರೆ, ಮನೆಯೊಳಗಿಂದ ಪುಸ್ತಕ ತಂದು ತೋರಿಸುವವರೂ ಇದ್ದಾರೆ.

ಪತ್ರಿಕೆ, ಪರೀಕ್ಷೆ ಮತ್ತು ಕರ್ವಾಲೊ

ದಿನಪತ್ರಿಕೆಯ ಓದು ಹೆಚ್ಚಾಗಿ ಚಹಾದ ಅಂಗಡಿಯದ್ದು. ರಾಜ್ಯದ ದೊಡ್ಡ ಪತ್ರಿಕೆಗಳ ಜೊತೆ ತುಮಕೂರಿನದೇ ಆದ 'ಪ್ರಜಾಪ್ರಗತಿ' ಇರುತ್ತದೆ. ಒಂದು ಪತ್ರಿಕೆಯ ಹಾಳೆಗಳು ಬೇರೆಬೇರೆಯಾಗಿ ನಾಲ್ಕು ಜನರ ಕೈಯಲ್ಲಿರುತ್ತವೆ. ಹೇಮಾವತಿ ನೀರಿನ ಸುದ್ದಿಯಿದ್ದ ದಿನ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಸಾಲುಸಾಲಿಗೂ ಟೀಕೆ ಸೇರಿಸುತ್ತಾರೆ. ಪಾವಗಡದಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವವರು ಬಹಳ. ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳನ್ನು ತಾಯಿ ತೆಲುಗಿನಲ್ಲಿ ಓದಿ, ಮಗಳು ಅದನ್ನೇ ಕನ್ನಡ ಅನುವಾದದಲ್ಲಿ ಓದಿ, ಯಾವುದು ಚೆನ್ನ ಎಂದು ಜಗಳವಾಡಿದ ಮನೆಯೊಂದರಲ್ಲಿ ನಾವು ಊಟ ಮಾಡಿದೆವು. ಶಿರಾ ಪಟ್ಟಣದಲ್ಲಿ ಉರ್ದು ಓದುವವರಿದ್ದಾರೆ. ಕೊರಟಗೆರೆಯ ಅಡಿಕೆ ತೋಟದ ಮನೆಯೊಂದರಲ್ಲಿ ನಮ್ಮ ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ಹಳೆಯ ಸಂಚಿಕೆಗಳನ್ನು ದಾರ ಹಾಕಿ ಕಟ್ಟಿಟ್ಟಿದ್ದರು. ರೈತರೇ ಬರೆದದ್ದು ಅದರಲ್ಲಿ ಇರುವುದರಿಂದ ಓದಲು ಖುಷಿ ಎಂದರು ಮನೆಯ ಯಜಮಾನರು. "ಆಫೀಸರ್ ಬರ‍್ದಂಗಿರಲ್ಲ."

ಖುಷಿಗಾಗಿ ಅಲ್ಲದ ಓದೂ ಉಂಟು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆಯ ಕರಾರಿನ ಮೇಲೆ, ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಆ ಕರಾರು ಪತ್ರವನ್ನು ತನಗೆ ಓದಿ ಹೇಳಿದವಳು ಮಗಳು ಎಂದು ಅಲ್ಲಿನ ಒಬ್ಬ ಹಿರಿಯರು ಹೇಳಿದರು. "ಸೈನ್ ಹಾಕೋಕ್ಮುಂಚೆ ಮೂರು ಸಲ ಓದ್ಸಿದೆ ಸ್ವಾಮಿ." ಓದು ಬಲ್ಲ ಮಗುವೊಂದು ಮನೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾವು ಬೇರೆಲ್ಲೂ ಕೇಳಿಲ್ಲ.

ಯುವಜನರನ್ನು ಕೇಳಿದರೆ ಮೊದಲು ಬರುವ ಉತ್ತರ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಎಫ್.ಡಿ.ಎ., ಎಸ್.ಡಿ.ಎ., ಪಿ.ಎಸ್.ಐ., ಗ್ರಾಮ ಆಡಳಿತಾಧಿಕಾರಿ. ಗ್ರಂಥಾಲಯದ ಬೆಂಚುಗಳಲ್ಲಿ ಬೆಳಿಗ್ಗೆಯಿಂದ ಕುಳಿತಿರುವವರು ಬಹುತೇಕ ಇವರೇ. ಇದು ಓದೇ ಅಲ್ಲ ಎಂದು ಹಿರಿಯ ಸಾಹಿತಿಗಳು ಮೂಗು ಮುರಿಯುವುದುಂಟು. ನಾವು ಹಾಗೆನ್ನಲಾರೆವು. ಮಳೆ ನಂಬಿ ಬದುಕಲಾಗದ ಊರಿನಲ್ಲಿ ಒಂದು ಸರ್ಕಾರಿ ಕೆಲಸ ಇಡೀ ಮನೆಯನ್ನು ಎತ್ತಿ ನಿಲ್ಲಿಸುತ್ತದೆ. ಅಲ್ಲದೆ ಅವರು ಓದುವುದೂ ಗುಂಪಿನಲ್ಲಿಯೇ. ಒಬ್ಬ ಪ್ರಶ್ನೆ ಕೇಳುತ್ತಾನೆ, ನಾಲ್ವರು ಉತ್ತರ ಹೇಳುತ್ತಾರೆ, ತಪ್ಪಿದವನು ಎಲ್ಲರಿಗೂ ಚಹಾ ಕೊಡಿಸಬೇಕು.

ಅಂಥ ಒಂದು ಗುಂಪಿನಲ್ಲಿದ್ದ ವಿದ್ಯಾರ್ಥಿನಿಯ ಚೀಲದಲ್ಲಿ ಗೈಡುಗಳ ನಡುವೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇತ್ತು. 1980ರಲ್ಲಿ ಪ್ರಕಟವಾದ ಕಾದಂಬರಿ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯೊಬ್ಬರ, ಅವರ ಹಿಂದೆ ಹೊರಟ ಮಂದಣ್ಣ, ಪ್ಯಾರ, ಕರಿಯಪ್ಪ ಮುಂತಾದವರ ಕಥೆ. ತೇಜಸ್ವಿಯವರ 'ಮಿಲೇನಿಯಂ' ಮಾಲೆಯ ತೆಳು ಪುಸ್ತಕಗಳು, ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಅವರು ಕನ್ನಡಕ್ಕೆ ತಂದ ಕಾಡಿನ ಕಥೆಗಳು ಆ ಭಾಗದಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ. ಏಕೆ ಇಷ್ಟ ಎಂದು ಕೇಳಿದೆವು. "ನಮ್ಮೂರಲ್ಲಿ ಮಳೆ ಬರೋದೇ ಇಲ್ಲ ಫಾದರ್, ಈ ಪುಸ್ತಕದಲ್ಲಿ ನಿಲ್ಲೋದೇ ಇಲ್ಲ" ಎಂದಳು. ಜೊತೆಗೆ ಇನ್ನೊಂದು ಕಾರಣ ಹೇಳಿದಳು: ಅದರಲ್ಲಿ ಓದದ ಮಂದಣ್ಣನನ್ನು ದೊಡ್ಡ ವಿಜ್ಞಾನಿ ಗೌರವದಿಂದ ಕಾಣುತ್ತಾನೆ, ಜೇನಿನ ಬಗ್ಗೆ, ಕಾಡಿನ ಬಗ್ಗೆ ಅವನನ್ನೇ ಕೇಳುತ್ತಾನೆ. ಅವಳು ಅದನ್ನು ತನ್ನ ಅಪ್ಪನಿಗೆ ಸಂಜೆ ಹೊತ್ತು ಸ್ವಲ್ಪಸ್ವಲ್ಪವಾಗಿ ಓದಿ ಹೇಳುತ್ತಿದ್ದಾಳಂತೆ. ಅಪ್ಪ ಕುರಿ ಸಾಕುವವರು. ಮಂದಣ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಅವರಿಗೆ ದಿನವೂ ಒಂದು ಅಭಿಪ್ರಾಯ. ಕೊನೆಗೆ ಅವಳು ನಮ್ಮನ್ನು ಕೇಳಿದಳು: "ಕರ್ವಾಲೊ ಅಂದ್ರೆ ನಿಮ್ಮ ಕಡೆಯೋರು ಅಲ್ವಾ?" ಹೌದು, ನಮ್ಮ ಕಡೆಯ ಹೆಸರೇ, ನಮ್ಮ ಬಹಳಷ್ಟು ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳಲ್ಲಿ ಇರುವ ಹೆಸರು ಎಂದೆವು. ಆ ಕಾದಂಬರಿಯನ್ನು ಗುರುಮಠದ ದಿನಗಳ ನಂತರ ತೆರೆದೇ ಇಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಹಳ್ಳಿಯ ಗ್ರಂಥಾಲಯ

ಈ ಓದಿಗೆ ಪುಸ್ತಕ ಎಲ್ಲಿಂದ ಬರುತ್ತದೆ? ಕೊಂಡು ಓದುವವರು ಕಡಿಮೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ನಾವೆಲ್ಲ ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರ ಗ್ರಂಥಾಲಯ ಕರವೂ ಸೇರಿರುತ್ತದೆ. ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಅಂದರೆ ಗ್ರಂಥಾಲಯಕ್ಕೆ ಕಾಲಿಡದವರೂ ಅದಕ್ಕೆ ಹಣ ಕೊಡುತ್ತಿದ್ದಾರೆ. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಆ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರು.

ಹೆಸರು ಬದಲಾದ ಮಾತ್ರಕ್ಕೆ ಎಲ್ಲೆಡೆ ಎಲ್ಲವೂ ಸರಿಹೋಗಿದೆ ಎಂದಲ್ಲ. ನಾವು ಹೋದ ಒಂದು ಕಡೆ ಬಾಗಿಲು ಹಾಕಿತ್ತು. ಇನ್ನೊಂದು ಕಡೆ ಗೋಡೆಗೆ ಬಣ್ಣ ಬಳಿದು ಮಕ್ಕಳಿಗೆ ಚಾಪೆ ಹಾಸಿದ್ದರು. ವ್ಯತ್ಯಾಸ ಕಟ್ಟಡದಲ್ಲಿ ಇರಲಿಲ್ಲ, ಮೇಲ್ವಿಚಾರಕರಲ್ಲಿತ್ತು. ಈ ಮೇಲ್ವಿಚಾರಕರು ಬಹುಕಾಲ ಅಲ್ಪ ಗೌರವಧನಕ್ಕೆ ದುಡಿದವರು. ತೆರೆದಿದ್ದ ಗ್ರಂಥಾಲಯದ ಮೇಲ್ವಿಚಾರಕಿ ಸಂಜೆ ನಾಲ್ಕೂವರೆಗೆ, ಶಾಲೆ ಬಿಟ್ಟ ಮೇಲೆ, ಒಂದು ಕಥೆಯನ್ನು ಅರ್ಧ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಉಳಿದರ್ಧ ಬೇಕಾದವರು ಪುಸ್ತಕವನ್ನು ಮನೆಗೆ ಒಯ್ಯಬೇಕು, ಮನೆಯಲ್ಲಿ ಯಾರಿಗಾದರೂ ಓದಿ ಹೇಳಬೇಕು, ಮರುದಿನ ಯಾರಿಗೆ ಹೇಳಿದೆ ಎಂದು ತಿಳಿಸಬೇಕು. ಅಜ್ಜಿಗೆ, ಅಮ್ಮನಿಗೆ, ತಮ್ಮನಿಗೆ. ಒಬ್ಬ ಹುಡುಗ ಎಮ್ಮೆಗೆ ಓದಿ ಹೇಳಿದೆ ಎಂದನಂತೆ. ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದರು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ 'ಓದಿನ ಸಪ್ತಾಹ' ಏರ್ಪಡಿಸಿದ್ದೆವು. ಕ್ರೈಸ್ತ ಶಿಕ್ಷಣದ ಪ್ರತಿ ಮಗುವೂ ಒಬ್ಬ ಸಂತರ ಜೀವನಚರಿತ್ರೆ ಓದಿ ಎರಡು ಪುಟ ಸಾರಾಂಶ ಬರೆಯಬೇಕು, ಬಹುಮಾನ ಉಂಟು ಎಂದೆವು. ಎಪ್ಪತ್ತಕ್ಕೂ ಹೆಚ್ಚು ಸಾರಾಂಶಗಳು ಬಂದವು. ಓದುತ್ತ ಹೋದಂತೆ ಅವುಗಳಲ್ಲಿ ಬಹುಪಾಲು ಪುಸ್ತಕದ ಹಿಂಬದಿಯ ರಕ್ಷಾಪುಟದಿಂದ ಇಳಿಸಿದವು ಎಂದು ತಿಳಿಯಿತು. ಒಬ್ಬಳು ಪುಸ್ತಕದ ಬೆಲೆಯನ್ನೂ ಸೇರಿಸಿ ಬರೆದಿದ್ದಳು. ಅಂದು ಮಕ್ಕಳ ಮೇಲೆ ಸಿಟ್ಟುಗೊಂಡೆವು. ಸಪ್ತಾಹದ ನಂತರ ಆ ಗ್ರಂಥಾಲಯಕ್ಕೆ ಮಕ್ಕಳು ಬರುವುದು ಮೊದಲಿಗಿಂತ ಕಡಿಮೆಯಾಯಿತು.

ಜಗದ್ಗುರು ಪೋಪ್ ಫ್ರಾನ್ಸಿಸರು (ಇವರು 2025ರ ಏಪ್ರಿಲ್ 21ರಂದು ದೈವಾಧೀನರಾದರು) 2024ರ ಜುಲೈ 17ರ ದಿನಾಂಕದ ಒಂದು ಪತ್ರವನ್ನು ಬರೆದಿದ್ದರು. ರೂಪಣೆಯಲ್ಲಿ ಸಾಹಿತ್ಯದ ಪಾತ್ರ ಅದರ ವಿಷಯ. ಗುರು ಅಭ್ಯರ್ಥಿಗಳಿಗೆಂದು ಆರಂಭಿಸಿದ ಪತ್ರವನ್ನು ಅವರು ಎಲ್ಲ ಪಾಲನಾ ಕಾರ್ಯಕರ್ತರಿಗೆ, ಎಲ್ಲ ಕ್ರೈಸ್ತರಿಗೆ ಎಂದು ವಿಸ್ತರಿಸಿದರು. ಅದರಲ್ಲಿ ತಮ್ಮ ಅನುಭವವೊಂದನ್ನು ಹೇಳುತ್ತಾರೆ. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆ ನಗರದ ಯೇಸುಸಭೆಯ ಶಾಲೆಯಲ್ಲಿ ಅವರು ಸಾಹಿತ್ಯ ಕಲಿಸುತ್ತಿದ್ದರು. ಪಠ್ಯದಲ್ಲಿದ್ದದ್ದು 'ಎಲ್ ಸಿದ್' ಎಂಬ ಪ್ರಾಚೀನ ಸ್ಪ್ಯಾನಿಷ್ ವೀರಕಾವ್ಯ. ಹುಡುಗರಿಗೆ ಅದು ಬೇಡ. ಗಾರ್ಸಿಯಾ ಲೋರ್ಕಾನಂಥ ಆಧುನಿಕ ಕವಿ ಬೇಕು. ಯುವ ಬೆರ್ಗೊಲಿಯೊ ಒಂದು ದಾರಿ ಹುಡುಕಿದರು: ಪಠ್ಯದ ಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದವರ ಬಗ್ಗೆ ಮಾತನಾಡೋಣ. ಒತ್ತಾಯಕ್ಕೆ ಓದುವುದರಿಂದ ಪ್ರಯೋಜನವಿಲ್ಲ, ಪ್ರತಿಯೊಬ್ಬರಿಗೂ ಅವರ ಬದುಕಿಗೆ ಜೊತೆಯಾಗುವ ಪುಸ್ತಕ ಬೇರೆಯೇ ಇರುತ್ತದೆ ಎಂಬುದು ಅವರ ಅಭಿಪ್ರಾಯ. ಈ ಪತ್ರ ನಮ್ಮ ಓದಿನ ಸಪ್ತಾಹಕ್ಕೆ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು. ಆದರೆ ಅದು ಬರದೆಯೂ ಆ ಮೇಲ್ವಿಚಾರಕಿಗೆ ವಿಷಯ ತಿಳಿದಿತ್ತಲ್ಲ!

ಆದ್ದರಿಂದ ಆ ನಾಲ್ಕು ತಾಲ್ಲೂಕುಗಳಲ್ಲಿ ಜನ ಏಕೆ ಓದುತ್ತಾರೆ ಎಂಬ ಪ್ರಶ್ನೆಗೆ ನಮಗೆ ತೋರಿದ ಉತ್ತರ ಇದು: ಅಲ್ಲಿ ಓದುವವನಿಗಾಗಿ ಯಾರೋ ಕಾದಿರುತ್ತಾರೆ. ತಾತ ತನ್ನ ಪಾರ್ಟಿಗಾಗಿ, ಅಪ್ಪ ಮಂದಣ್ಣನಿಗಾಗಿ, ಅಜ್ಜಿ ಅರ್ಧ ಉಳಿದ ಕಥೆಗಾಗಿ ಕಾದಿರುತ್ತಾರೆ. ಅಕ್ಷರ ಬಾರದವರು ಹೆಚ್ಚಿರುವ ಕಡೆ ಅಕ್ಷರ ಬಲ್ಲ ಮಗುವಿಗೆ ಬೆಲೆ ಹೆಚ್ಚು. ನಮ್ಮ ಕಡೆ ಎಲ್ಲರಿಗೂ ಅಕ್ಷರ ಬರುತ್ತದೆ, ಹಾಗಾಗಿ ಯಾರೂ ಯಾರಿಗೂ ಓದಿ ಹೇಳುವುದಿಲ್ಲ. ಮೊಬೈಲ್ ಅಲ್ಲಿಯೂ ಎಲ್ಲರ ಕೈಯಲ್ಲಿ ಇದೆ. ದುರ್ಯೋಧನನ ಹಾಡುಗಳ ರೆಕಾರ್ಡಿಂಗ್ ಈಗ ಅದರಲ್ಲೇ ಇದೆ. ಹಾಗೆಂದು ಮೊಮ್ಮಗಳ ಕೆಲಸ ನಿಂತಿಲ್ಲ.

ನಮ್ಮ ವಾಳೆಗಳಲ್ಲೂ ಕಾದಿರುವವರಿದ್ದಾರೆ. ಕಣ್ಣಿನ ಪೊರೆ ಬಂದು ಪತ್ರಿಕೆ ಓದಲಾಗದ ಹಿರಿಯರು, ಮಕ್ಕಳೆಲ್ಲ ಕೊಲ್ಲಿ ದೇಶಗಳಲ್ಲಿದ್ದು ಮನೆಯಲ್ಲಿ ಒಬ್ಬರೇ ಉಳಿದವರು, ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಕೊಡಲು ಹೋದಾಗ ನಮ್ಮನ್ನು ಬೇಗ ಕಳುಹಿಸಲು ಮನಸ್ಸಿಲ್ಲದವರು. ಆ ಮನೆಗಳ ಪಟ್ಟಿ ಪ್ರತಿ ಗುರಿಕಾರರ ಬಳಿ ಇದೆ. ಕ್ರೈಸ್ತ ಶಿಕ್ಷಣದ ಮಕ್ಕಳ ಪಟ್ಟಿಯೂ ಇದೆ.

ಮುಂದಿನ ಸಭೆಯಲ್ಲಿ ನಾವು ಇದನ್ನೆಲ್ಲ ಹೇಳಿದೆವು. ಶಿಕ್ಷಕಿಯೂ ಗುರಿಕಾರರೂ ದನಿಗೂಡಿಸಿದರು. ಉಪಾಧ್ಯಕ್ಷರು, ಕುರ್ಚಿಗಳನ್ನು ಮಳೆಗಾಲದಲ್ಲಿ ಎಲ್ಲಿ ಇಡುವುದು ಎಂದು ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಕೋಣೆಯ ಅರ್ಧ ಕುರ್ಚಿಗಳಿಗೆ, ಅರ್ಧ ಪುಸ್ತಕಗಳಿಗೆ ಎಂದಾಯಿತು. ಡಿಸೆಂಬರ್ ತನಕ ಹೀಗೆ ನಡೆಸಿ, ಎಷ್ಟು ಪುಸ್ತಕ ಹೊರಗೆ ಹೋಯಿತು ಎಂದು ನೋಡಿ ತೀರ್ಮಾನಿಸುವುದು. ಶಿಕ್ಷಕಿ ಒಂದು ರಿಜಿಸ್ಟರ್ ತಂದಿದ್ದಾರೆ. ಅದರ ಕೊನೆಯ ಅಂಕಣದ ಶೀರ್ಷಿಕೆ 'ಯಾರಿಗೆ ಓದಿ ಹೇಳಿದ್ದು'. ಬೀಗದ ಕೈ ಇನ್ನೂ ಸಿಕ್ಕಿಲ್ಲ. ಮೂರನೆಯ ಕಪಾಟಿನ ಬೀಗ ಒಡೆಯಲು ಶನಿವಾರ ಒಬ್ಬರು ಬರುತ್ತೇನೆ ಎಂದಿದ್ದಾರೆ.